ನಮ್ಮ ದೊಡ್ಡಿಯ ದನಗಳ ಸಂಖ್ಯೆಯ ಕುರಿತು

ಮಾನ್ಯ ಓದುಗರ ಸಮ್ಮುಖಕ್ಕೆ,

ನನ್ನ ಅಕ್ಷರ ಗುಂಡಗಿಲ್ಲ. ಸಾಲು ಬಲಕ್ಕೆ ಹೋದಂತೆ ಮೇಲೇರುತ್ತದೆ. ಒತ್ತಕ್ಷರ ಬೀಳಬೇಕಾದಲ್ಲಿ ಬೀಳುವುದಿಲ್ಲ, ಮಹಾಪ್ರಾಣಗಳ ವಿಷಯದಲ್ಲಂತೂ ನನಗೆ ನನ್ನ ಮೇಲೆ ನಂಬಿಕೆಯೇ ಇಲ್ಲ. ಇವೆಲ್ಲವನ್ನೂ ಮೊದಲೇ ಒಪ್ಪಿಕೊಂಡು, ತಮ್ಮ ಕ್ಷಮೆಯನ್ನು ಕೋರಿ, ಈ ಬರಹವನ್ನು ಸಲ್ಲಿಸುತ್ತಿದ್ದೇನೆ. ಇದಕ್ಕೆ ಮುಂಚೆ ಅರ್ಜಿಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಗುಂಡ್ಲುಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿದೆ. ಮಾವ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅವರ ಕರಡುಗಳನ್ನು ಒಳ್ಳೆಯ ಕಾಗದಕ್ಕೆ ನಕಲು ಮಾಡುವುದು ಸಂಜೆಯ ಹೊತ್ತಿನ ನನ್ನ ಕೆಲಸವಾಗಿತ್ತು. ಆದ್ದರಿಂದ ಮನಸ್ಸಿನಲ್ಲಿರುವುದನ್ನು ಹೇಳಲು ನನಗೆ ಬರುವ ರೀತಿ ಅದೊಂದೇ.

ತಮ್ಮ ಅವಗಾಹನೆಗೆ ತರಬಯಸುವ ವಿಷಯವು ನಮ್ಮ ದನಗಳಿಗೆ ಸಂಬಂಧಿಸಿದ್ದು.

ನಮ್ಮ ಊರು ತಮಿಳು ಸೀಮೆಗೆ ಸೇರಿದ ಮಸಿನಗುಡಿಯಿಂದ ಮೋಯಾರಿನ ಕಡೆಗೆ ಹೋಗುವ ದಾರಿಯಲ್ಲಿದೆ. ತಾತನ ಕಾಲದಲ್ಲಿ ಮೈಸೂರು ಸೀಮೆಯಿಂದ ಬಂದು ನೆಲೆಸಿದವರು ನಾವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವ್ವ, ಅಪ್ಪನ ತಮ್ಮನಾದ ಚಿಕ್ಕಪ್ಪ ಮತ್ತು ನಾನು. ನಮಗೆ ಆಧಾರವಾಗಿದ್ದುದು ದನ. ಅವು ಹಾಲಿಗಾಗಿ ಸಾಕಿದವಲ್ಲ. ಕರು ಕುಡಿದು ಬಿಟ್ಟರೆ ಒಂದು ಹಸು ಒಂದು ಲೋಟ ಕೊಟ್ಟರೆ ಹೆಚ್ಚು. ಅವು ಬೆಳಿಗ್ಗೆ ಚಿಕ್ಕಪ್ಪನ ಹಿಂದೆ ಕಾಡಿಗೆ ಹೋಗಿ ಮೇಯ್ದು, ಸಂಜೆ ಮುಳ್ಳುಬೇಲಿಯ ದೊಡ್ಡಿಗೆ ಬಂದು ಮಲಗುತ್ತಿದ್ದವು. ಬಿದ್ದ ಸಗಣಿಯನ್ನು ಅವ್ವ ಮತ್ತು ನಾನು ಬೆಳಿಗ್ಗೆ ಬಾಚಿ ಗುಡ್ಡೆ ಹಾಕಿ ಒಣಗಿಸುತ್ತಿದ್ದೆವು. ಬೇಸಿಗೆಯಲ್ಲಿ ಕೇರಳದ ಲಾರಿಗಳು ಗೂಡಲೂರು ದಾಟಿ ಬಂದು ಆ ಗೊಬ್ಬರವನ್ನು ಶುಂಠಿಯ ಹೊಲಗಳಿಗೂ ಕಾಫಿ ತೋಟಗಳಿಗೂ ತುಂಬಿಕೊಂಡು ಹೋಗುತ್ತಿದ್ದವು. ದನ ಕಾಡಿಗೆ ಹೋದರೆ ನಮ್ಮ ಮನೆಯ ಒಲೆ ಹೊತ್ತುತ್ತಿತ್ತು, ಹೋಗದಿದ್ದರೆ ಇಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ದನವನ್ನು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಯಿಬಿಟ್ಟು ಇಷ್ಟು ಎಂದು ಹೇಳಿದರೆ ಕಣ್ಣಾಗುತ್ತದೆ, ಹೇಳಿದಷ್ಟು ಉಳಿಯುವುದಿಲ್ಲ ಎಂಬುದು ಊರಿನ ಎಲ್ಲರ ನಂಬಿಕೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಅವ್ವ ಒಂದೊಂದನ್ನೂ ಬಣ್ಣದ ಮೇಲೆ, ಕೊಂಬಿನ ಮೇಲೆ ಕರೆಯುತ್ತಿದ್ದಳು. ಎಷ್ಟು ಬಂದವು ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಯಾರು ಬರಲಿಲ್ಲ ಎಂಬುದನ್ನು ಮಾತ್ರ ನೋಡುತ್ತಿದ್ದಳು. ಅದರಲ್ಲಿ ಅವಳು ತಪ್ಪಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ನಿಜವಾಗಿ ಎಷ್ಟು ದನಗಳಿದ್ದವು ಎಂಬುದನ್ನು ಈ ಬರಹದಲ್ಲಿಯೂ ನಾನು ನಮೂದಿಸಿಲ್ಲ. ದಯವಿಟ್ಟು ಮನ್ನಿಸಬೇಕು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಊರಿಗೆ ಒಂದು ಯೋಜನೆ ಬಂತು. ಹೊರದೇಶದ ಸಹಾಯದಿಂದ ಊರಂಚಿನ ಕುರುಚಲು ಕಾಡಿಗೆ ಬೇಲಿ ಹಾಕಿ, ಸಸಿ ನೆಟ್ಟು, ಮತ್ತೆ ದೊಡ್ಡ ಕಾಡನ್ನಾಗಿ ಮಾಡುವುದು ಅದರ ಉದ್ದೇಶವೆಂದು ತಿಳಿಸಲಾಯಿತು. ಊರಿಗೊಂದು ಕಾಡು ಸಮಿತಿ ಮಾಡಿದರು. ಕಾರ್ಯದರ್ಶಿ ಹೆಂಗಸಾಗಿರಬೇಕು, ಬರೆಯಲು ಬರಬೇಕು ಎಂದರು. ಹಾಗಾಗಿ ಸದರಿ ಹುದ್ದೆ ನನಗೆ ಬಂತು.

ಮೊದಲ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಹೊರದೇಶದಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಅಗಲವಾದ ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅವರ ಮಾತನ್ನು ನಮಗೆ ತಿಳಿಸುತ್ತಿದ್ದವರು ಯೋಜನೆಯ ಮೇಲ್ವಿಚಾರಕರು. ಕೊಯಮತ್ತೂರಿನ ಕಡೆಯವರು, ನಮ್ಮೊಂದಿಗೆ ಕನ್ನಡದಲ್ಲಿಯೇ ಮಾತನಾಡಲು ಪ್ರಯತ್ನಿಸುತ್ತಿದ್ದರು.

"ಇವರ ದೇಶದಲ್ಲಿ ಫ್ಯಾಕ್ಟರಿ ಜಾಸ್ತಿ, ಕಾರು ಜಾಸ್ತಿ. ಆ ಹೊಗೆಯೆಲ್ಲ ಮೇಲೆ ಹೋಗಿ ಲೋಕವೇ ಬಿಸಿ ಆಗ್ತಾ ಇದೆ. ಮರ ಆ ಹೊಗೆ ಕುಡೀತದೆ. ಅದಕ್ಕೇ ಇಲ್ಲಿ ಕಾಡು ಬೆಳೆಸೋಕೆ ಸಹಾಯ ಕೊಡ್ತಾರೆ."

ಚಿಕ್ಕಪ್ಪ ಎದ್ದು ನಿಂತ. "ಅವರೂರ್ನಲ್ಲಿ ಮಣ್ಣಿಲ್ವಾ ಸಾರ್, ಮರ ಬೆಳೆಯಾಕೆ?"

"ಅಲ್ಲೂ ಬೆಳೆಸ್ತಾರಪ್ಪ, ಇಲ್ಲೂ ಬೆಳೆಸ್ತಾರೆ."

"ಹಂಗಾರೆ ಒಳ್ಳೇದಾಯ್ತು ಬುಡಿ. ಎಲ್ಡೂ ಕಡೆ ಮರ ಇದ್ರೆ ಎಲ್ಡರಷ್ಟು ಹೊಗೆ ಬುಡಬೋದು."

ಜಗಲಿ ತುಂಬ ನಗು. ಮೇಲ್ವಿಚಾರಕರು ಅದನ್ನು ಆ ಹೆಂಗಸಿಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ, ಅವರೂ ನಕ್ಕರು. ಅವ್ವ ಮಾತ್ರ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು. "ಹೊಗೆ ಬುಟ್ಟೋರು ಅವ್ರು. ಕಾಡಿಂದ ಈಚೆಗೆ ಬರಬೇಕಾದ್ದು ನಮ್ಮ ಹಸವಾ ಕೂಸೇ?"

ಆ ಪ್ರಶ್ನೆಯನ್ನು ನಾನು ಸಭೆಯ ನಡವಳಿಯಲ್ಲಿ ಬರೆಯಲಿಲ್ಲ. ಬರೆಯಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಊರಿನಲ್ಲಿ ಹಬ್ಬಿದ ಸಂಶಯಗಳಿಗೆ ಮಿತಿಯಿರಲಿಲ್ಲ. ಬೇಲಿ ಮೊದಲು ಗುಡ್ಡಕ್ಕೆ, ಆಮೇಲೆ ಹಳ್ಳಕ್ಕೆ, ಕೊನೆಗೆ ನಮ್ಮ ಹಿತ್ತಲಿಗೆ ಬರುತ್ತದೆ ಎಂದರು. ಕಾಡಿನ ಗಾಳಿ ಈಗಾಗಲೇ ಆ ದೇಶದವರ ಹೆಸರಿಗೆ ಪಟ್ಟಾ ಆಗಿದೆ ಎಂದು ಚಹಾ ಅಂಗಡಿಯಲ್ಲಿ ಒಬ್ಬರು ಆಣೆ ಮಾಡಿ ಹೇಳಿದರಂತೆ. ಮನೆಗೊಂದು ಗ್ಯಾಸಿನ ಒಲೆಯನ್ನು ಪುಕ್ಕಟೆಯಾಗಿ ಕೊಟ್ಟಾಗ ಅವ್ವ ಅದರ ಮೇಲೆ ಗೋಣಿಚೀಲ ಹೊದಿಸಿ ಮೂಲೆಗಿಟ್ಟಳು. "ಕೇಳ್ದೆ ಒಲೆ ತಂದ್ಕೊಟ್ಟವ್ರೆ. ನಾಳೆ ಕೇಳ್ದೆ ಏನ್ ತಕ್ಕೊಂಡೋದಾರೋ!" ಎಂದಳು. ಎರಡು ತಿಂಗಳು ಅದರ ಕೆಳಗೆ ನಮ್ಮ ಬೆಕ್ಕು ಮಲಗುತ್ತಿತ್ತು. ಓದಿದವಳಾದ ನಾನು ಇವರೆಲ್ಲರಿಗೆ ಸಮಾಧಾನ ಹೇಳಬೇಕಾಗಿತ್ತು. ಆದರೆ ನನಗೂ ಒಳಗೊಳಗೆ ಅದೇ ಸಂಶಯವಿತ್ತು. ಅರ್ಜಿ ಬರೆಯುವವರ ಮನೆಯಲ್ಲಿ ಬೆಳೆದವಳಿಗೆ, ಯಾರೂ ಅರ್ಜಿ ಹಾಕದೆ ಬಂದ ಸಹಾಯವನ್ನು ಕಂಡರೆ ಭಯವಾಗುವುದು ಸಹಜ.

ಎರಡನೆಯ ಸಭೆಯಲ್ಲಿ ಪ್ರತಿ ಮನೆಯಲ್ಲಿ ಎಷ್ಟು ದನಗಳಿವೆ ಎಂದು ಕೇಳಿದರು. ಏತಕ್ಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ತೆರಿಗೆ ಹಾಕುವುದಕ್ಕೇ ಇರಬೇಕೆಂದು ಎಲ್ಲರೂ ತಮ್ಮೊಳಗೆ ತೀರ್ಮಾನಿಸಿಕೊಂಡಿದ್ದರು. ಸಂಜೆ ದಾರಿಯನ್ನೆಲ್ಲ ತುಂಬಿಕೊಂಡು ಬರುವ ದನಗಳಿದ್ದ ಮನೆಯವರೊಬ್ಬರು "ಏನೋ, ಮೂರ್ ಬಾಲ ಅವೆ" ಎಂದರು. ಇನ್ನೊಬ್ಬರು "ಒಂದ್ ನಾಕು ಅಂತ ಬರಕಳವ್ವ" ಎಂದರು. ನಾನು ಬರೆದೆ. ಅವ್ವನ ಸರದಿ ಬಂದಾಗ ಅವಳು ನನ್ನ ಕಣ್ಣನ್ನು ನೋಡದೆ "ಐದು" ಎಂದಳು.

ನಾನು ಐದು ಎಂದು ಬರೆದೆ. ನಿಜ ಹೇಳಬೇಕೆಂದರೆ, ಪರದೇಶದವರ ಕಣ್ಣಿಗೆ ಮಣ್ಣೆರಚಿದೆವೆಂಬ ಒಂದು ಸಣ್ಣ ಸಂತೋಷವೂ ಆಯಿತು. ಕೆಳಗೆ, ಮಾವನಿಂದ ಕಲಿತ ರೀತಿಯಲ್ಲಿ, "ಮೇಲ್ಕಂಡ ಸಂಖ್ಯೆಗಳು ಸತ್ಯವೆಂದು ಈ ಮೂಲಕ ದೃಢೀಕರಿಸಲಾಗಿದೆ" ಎಂಬ ವಾಕ್ಯವನ್ನು ಸೇರಿಸಿ ಸಹಿ ಮಾಡಿದೆ. ಆ ವಾಕ್ಯವನ್ನು ಯಾರೂ ಕೇಳಿರಲಿಲ್ಲ.

ಸುಮಾರು ಐದು ತಿಂಗಳ ನಂತರ ಬೇಲಿಯ ಕೆಲಸ ಮುಗಿಯಿತು. ಮೇಲ್ವಿಚಾರಕರು ಒಂದು ರಟ್ಟಿನ ಪೆಟ್ಟಿಗೆಯೊಂದಿಗೆ ಮನೆಗೆ ಬಂದರು. ಅದರಲ್ಲಿ ದನದ ಕಿವಿಗೆ ಚುಚ್ಚುವ ಹಳದಿ ಪ್ಲಾಸ್ಟಿಕ್ ಬಿಲ್ಲೆಗಳಿದ್ದವು. ಬಿಲ್ಲೆಯಿರುವ ದನ ಬೇಲಿಯ ಆಚೆಗಿನ ಕಾಡಿನಲ್ಲಿ ಮೇಯಬಹುದು. ಬಿಲ್ಲೆಯಿಲ್ಲದ್ದು ಹೊರಗಿನವರ ದನವೆಂದು ಹಿಡಿದು ಸಾಗಿಸಲಾಗುವುದು. ಅವರು ಐದು ಬಿಲ್ಲೆಗಳನ್ನು ನಮ್ಮ ಜಗಲಿಯ ಮೇಲೆ ಸಾಲಾಗಿ ಇಟ್ಟರು.

ಅವ್ವ ಅವುಗಳನ್ನು ನೋಡಿದಳು. ಆಮೇಲೆ ದೊಡ್ಡಿಯ ಕಡೆ ನೋಡಿದಳು. "ಮಿಕ್ಕವು?" ಎಂದಳು.

"ಮಿಕ್ಕವು ಅಂದ್ರೆ? ಐದು ಅಂತ ನಿಮ್ಮ ಮಗಳೇ ಬರೆದಿರೋದು. ನೋಡಿ, ಸೈನ್ ಇದೆ."

"ಅದು ಹಂಗೆ ಹೇಳದು ಸಾಮಿ. ಹೇಳದು ಅಷ್ಟು. ಇರದು ಬ್ಯಾರೆ."

ಮೇಲ್ವಿಚಾರಕರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ತಿದ್ದುಪಡಿ ಕೋರಿ ಒಂದು ಪತ್ರ ಕೊಡು, ಮೇಲಕ್ಕೆ ಕಳಿಸುತ್ತೇನೆ ಎಂದರು. ನಾನು ಆ ದಿನವೇ ಬರೆದು ಕೊಟ್ಟೆ. ಹಿಂದಿನ ಪತ್ರದಲ್ಲಿ ಊರಿನ ಪದ್ಧತಿಯ ಪ್ರಕಾರ ಸಂಖ್ಯೆಯನ್ನು ಕಡಿಮೆಯಾಗಿ ಹೇಳಲಾಗಿತ್ತು, ಆದಕಾರಣ ದಯವಿಟ್ಟು ಮತ್ತೆ ಪರಿಶೀಲಿಸಬೇಕೆಂದು ಕೋರಿದೆ. ಊರಿನ ಇತರರು ಪತ್ರ ಕೊಡಲು ಹೆದರಿದರು. ಕೆಲವರು ದನಗಳನ್ನು ಬಂದ ಬೆಲೆಗೆ ಕೊಟ್ಟು ಕೈತೊಳೆದುಕೊಂಡರು.

ಹದಿನೈದು ದಿನಗಳ ಮೇಲೆ ಉತ್ತರ ಬಂದದ್ದು ಮೇಲ್ವಿಚಾರಕರ ಬಾಯಿಮಾತಿನಲ್ಲಿ. "ಅವರಿಗೆ ಸಂದೇಹ ಇದೆಯಮ್ಮಾ. ಐದು ತಿಂಗಳಲ್ಲಿ ಐದು ದನ ಇಷ್ಟೊಂದು ಹೇಗಾಯಿತು ಅಂತ. ಗೊಬ್ಬರದ ವ್ಯಾಪಾರಿಗಳ ದನ ತಂದು ಕಟ್ಟಿಕೊಂಡಿದ್ದೀರಿ, ಅದಕ್ಕೂ ಬಿಲ್ಲೆ ಕೇಳ್ತಾ ಇದ್ದೀರಿ ಅಂತ."

ಮಸಿನಗುಡಿಯಲ್ಲಿ ಹಾಗೆ ಮಾಡುವವರು ಇದ್ದರು ಎಂಬುದು ಸುಳ್ಳಲ್ಲ. ಆದರೆ ಅವ್ವನಿಗೆ ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. ನಾವು ಅವರನ್ನು ಸಂಶಯಿಸುವುದು ನಮಗೆ ನ್ಯಾಯವಾಗಿ ಕಂಡಿತ್ತು. ಅವರೂ ನಮ್ಮನ್ನು ಸಂಶಯಿಸಬಹುದೆಂದು ನಾವು ಎಣಿಸಿಯೇ ಇರಲಿಲ್ಲ.

ಒಂದೇ ದಾರಿ ಉಳಿದಿತ್ತು. ಹೊರದೇಶದ ಆ ಹೆಂಗಸು ತಾವೇ ಬಂದು, ಸಂಜೆ ದನ ದೊಡ್ಡಿಗೆ ಬರುವಾಗ ಬಾಗಿಲಲ್ಲಿ ನಿಂತು ಎಣಿಸುವುದು. ಎಣಿಸಿದಷ್ಟಕ್ಕೆ ಬಿಲ್ಲೆ ಕೊಡುವುದು. ಅದೇ ಕೊನೆಯ ಲೆಕ್ಕ.

ಅವ್ವ ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ದಿನ ಒಂದು ಷರತ್ತು ಹಾಕಿದಳು. ಬಾಯಲ್ಲಿ ಎಣಿಸಬಾರದು, ಬೆರಳು ತೋರಿಸಬಾರದು. ಇದನ್ನು ಹೇಗೆ ತಿಳಿಸುವುದೆಂದು ನಾನು ಸಂಕೋಚದಲ್ಲಿದ್ದೆ. ಆದರೆ ಆ ಹೆಂಗಸು ಕೂಡಲೇ ಒಪ್ಪಿದರು. ಒತ್ತಿದರೆ ಒಂದೊಂದು ಅಂಕಿ ಏರುವ ಚಿಕ್ಕ ಯಂತ್ರ ಅವರ ಹತ್ತಿರವಿತ್ತು. "ಅದಾದ್ರೆ ಸರಿ. ಅದಕ್ಕೆ ಕಣ್ಣೂ ಇಲ್ಲ, ಬಾಯೂ ಇಲ್ಲ" ಎಂದಳು ಅವ್ವ. ಅಷ್ಟು ಸುಲಭವಾಗಿ ಅವರು ಒಪ್ಪಿದ್ದೇ ನನಗೆ ಇನ್ನೊಂದು ಸಂಶಯಕ್ಕೆ ಕಾರಣವಾಯಿತು.

ಎಣಿಕೆಗೆ ಗೊತ್ತುಮಾಡಿದ ದಿನ ಚಿಕ್ಕಪ್ಪ ದನಗಳನ್ನು ಹೊಡೆದುಕೊಂಡು ಹೊರಡುವಾಗ ಅವ್ವ ಕೆಂದ ಹಸುವನ್ನು ತಡೆದಳು. ಅದು ನಮ್ಮ ದನಗಳಿಗೆಲ್ಲ ಮುಂದಾಳು. ಅದರ ಕೊರಳಲ್ಲಿ ಒಂದು ಮರದ ಗಂಟೆಯಿತ್ತು. ಕಾಡಿನಿಂದ ಮರಳುವಾಗ ಉಳಿದವು ಆ ಗಂಟೆಯ ಸದ್ದಿನ ಹಿಂದೆ ಬರುತ್ತಿದ್ದವು. ಅವ್ವ ಗಂಟೆಯ ಹಗ್ಗವನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ಹಸುವನ್ನು ಪಕ್ಕದ ಮನೆಯ ಅತ್ತೆಯ ಕೊಟ್ಟಿಗೆಗೆ ಹಿಡಿದುಕೊಂಡು ಹೊರಟಳು.

ನಾನು ಅಡ್ಡ ನಿಂತೆ. "ಏನವ್ವಾ ಇದು? ಇವತ್ತಾದ್ರೂ ಎಲ್ಲಾನೂ ತೋರಿಸ್ಬೇಕಲ್ವಾ?"

"ಪೂರ್ತಿ ಲೆಕ್ಕ ಕೊಟ್ಬುಟ್ರೆ ಉಳಿದದಾ? ಒಂದನ್ನಾರೂ ಹೊರಗಿಡಬೇಕು."

"ಇಟ್ಟರೆ ಒಂದು ಗೊಡ್ಡನ್ನ ಇಡು. ಇದನ್ನ ಯಾಕೆ?"

"ಗೊಡ್ಡ ಇಟ್ರೆ ಯಾವ ಕಣ್ಣು ತಪ್ಪದು? ಕಣ್ಣು ಬೀಳದು ಇದ್ರ ಮ್ಯಾಲೇಯ. ಸರಿ ಬುಡು, ಆಮ್ಯಾಕೆ ಇನ್ನೊಂದು ಬಿಲ್ಲೆ ಕೇಳಾಣ. ಇಷ್ಟು ಕೊಟ್ಟೋರು ಒಂದು ಕೊಡಾಕಿಲ್ವಾ?"

ಚಿಕ್ಕಪ್ಪ ದೂರದಿಂದಲೇ ಕೂಗಿದ. "ಅತ್ತಿಗೇ, ನನ್ನೂ ಯಾರ್ದಾದ್ರೂ ಕೊಟ್ಟಿಗೇಲಿ ಕಟ್ಟಾಕ್ಬುಡು. ನಂಗೂ ಕಣ್ಣಾದದು!"

"ನಿನ್ನ ಯಾವ ಕಣ್ಣು ನೋಡೀತು, ಹೋಗಪ್ಪ" ಎಂದಳು ಅವ್ವ.

ಸಂಜೆ ಎಣಿಕೆ ನಡೆಯಿತು. ಮುಂದಾಳಿಲ್ಲದೆ ದನಗಳು ದೊಡ್ಡಿಯ ಬೇಲಿಯ ಬಳಿ ಗುಂಪಾಗಿ ನಿಂತುಬಿಟ್ಟವು. ಚಿಕ್ಕಪ್ಪ ಬೈದು ಬೈದು ಒಂದೊಂದನ್ನೇ ಒಳಗೆ ಬಿಟ್ಟ. ಅವ್ವ ದಿನದಂತೆ ಬಾಗಿಲಲ್ಲಿ ನಿಂತು, ಮಚ್ಚೆ, ಬೋಳಿ, ಮುರಿಗೊಂಬು, ಬೂದಿ ಎಂದು ಕರೆದಳು. ಒಂದೊಂದು ಕರೆಗೂ ಆ ಹೆಂಗಸಿನ ಹೆಬ್ಬೆರಳು ಯಂತ್ರವನ್ನು ಒತ್ತುತ್ತಿತ್ತು. ಕೊನೆಗೆ ಅವರು ಯಂತ್ರವನ್ನು ಬಾಯಿಂದ ಓದದೆ, ಮೇಲ್ವಿಚಾರಕರ ಕಣ್ಣಿಗೆ ಮಾತ್ರ ಹಿಡಿದು ತೋರಿಸಿದರು. ಆಮೇಲೆ ಅವ್ವನ ಕಡೆ ತಿರುಗಿ ಏನೋ ಹೇಳಿದರು. ಇಷ್ಟೊಂದನ್ನು ಹೆಸರಿಟ್ಟು ಕರೆಯುವವರನ್ನು ಅನುಮಾನಿಸಿದ್ದಕ್ಕೆ ತಮಗೆ ಬೇಸರವಾಗಿದೆ ಎಂದರಂತೆ. ಅವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನೆಲ ನೋಡಿದಳು.

ಕಾಗದ ನನ್ನ ಮುಂದೆ ಬಂತು. ಸಂಖ್ಯೆಯ ಕೆಳಗೆ ಬರೆಯಬೇಕಾದ ವಾಕ್ಯವನ್ನು ಮೇಲ್ವಿಚಾರಕರೇ ಹೇಳಿದರು. "ಇದರ ಹೊರತು ನಮ್ಮಲ್ಲಿ ಬೇರೆ ದನ ಇರುವುದಿಲ್ಲ." ಅತ್ತೆಯ ಕೊಟ್ಟಿಗೆ ನಾನು ಕೂತಿದ್ದಲ್ಲಿಂದ ಕಾಣುತ್ತಿತ್ತು. ಬರೆದು ಸಹಿ ಮಾಡಿದೆ.

ವಾರದೊಳಗೆ ಎಲ್ಲ ದನಗಳ ಕಿವಿಗೆ ಬಿಲ್ಲೆ ಬಿತ್ತು. ಅವ್ವನ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡೆ. ಗ್ಯಾಸಿನ ಒಲೆಯ ಮೇಲಿನ ಗೋಣಿಯನ್ನೂ ತೆಗೆದಳು. ಇನ್ನೊಂದು ಬಿಲ್ಲೆ ಕೇಳುವ ಮಾತನ್ನು ನಾನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ. ಯಾವ ಬಾಯಲ್ಲಿ ಕೇಳುವುದೆಂದು ತಿಳಿಯದೆ ಎರಡು ಕರಡುಗಳನ್ನು ಬರೆದು ಹರಿದೆ. ಅಲ್ಲಿಯವರೆಗೆ ಕೆಂದ ಹಸು ಕೊಟ್ಟಿಗೆಯಲ್ಲಿಯೇ ಇತ್ತು. ಹುಟ್ಟಿದಾಗಿನಿಂದ ಕಾಡಿನಲ್ಲಿ ನಡೆದ ಹಸು ಅದು. ಕೊಯ್ದು ಹಾಕಿದ ಹುಲ್ಲನ್ನು ಮೂಸಿ ಬಿಡುತ್ತಿತ್ತು.

ಒಂದು ಬೆಳಿಗ್ಗೆ ಕೊಟ್ಟಿಗೆ ಖಾಲಿಯಾಗಿತ್ತು. ಹಗ್ಗ ಗೂಟದ ಬಳಿ ಬಿದ್ದಿತ್ತು. ಅದು ಹರಿದಿರಲಿಲ್ಲ, ಬಿಚ್ಚಿಕೊಂಡಿತ್ತು. ಅತ್ತೆ ತನಗೇನೂ ಗೊತ್ತಿಲ್ಲವೆಂದು ದೇವರ ಹೆಸರಿನಲ್ಲಿ ಹೇಳಿದರು. ಅವರ ಮನೆಗೆ ಬಿಲ್ಲೆ ಸಿಕ್ಕಿದ್ದು ಎರಡೇ. ನಾನು ಇಂದಿಗೂ ಅವರ ಮನೆಯ ಕಾಫಿಯನ್ನು ಪೂರ್ತಿ ಕುಡಿಯುವುದಿಲ್ಲ. ಹಿಂದಿನ ರಾತ್ರಿ ಹೋಗಿ ಗಂಟು ಹಾಕಿದ್ದು ನಾನು, ಸಡಿಲವಾಗಿ ಹಾಕಿದ್ದರೂ ಹಾಕಿರಬಹುದು. ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಹೊಸದಾಗಿ ಸಸಿ ನೆಟ್ಟ ಜಾಗದಲ್ಲಿ ಬಿಲ್ಲೆಯಿಲ್ಲದ ಹಸುವೊಂದನ್ನು ಯೋಜನೆಯ ಕಾವಲಿನವರು ಹಿಡಿದಿದ್ದಾರೆ, ಎರಡು ಸಾಲು ಸಸಿಯ ತುದಿ ತಿಂದಿದೆ ಎಂದು. ಗಂಟೆಯಿದ್ದಿದ್ದರೆ ಅದು ಅತ್ತ ಹೋಗುವುದು ನಮಗೆ ಮೊದಲೇ ಕೇಳಿಸುತ್ತಿತ್ತು. ಅವ್ವ, ಚಿಕ್ಕಪ್ಪ, ನಾನು ಮೂವರೂ ಓಡಿದೆವು.

ಹಸುವನ್ನು ಬೇಲಿಯ ಕಂಬಕ್ಕೆ ಕಟ್ಟಿದ್ದರು. ಅವ್ವನನ್ನು ಕಂಡ ಕೂಡಲೇ ಹಗ್ಗ ಜಗ್ಗಿ ಒಂದು ಸಲ ಕೂಗಿತು. ಮೇಲ್ವಿಚಾರಕರು ಫೈಲು ಹಿಡಿದು ನಿಂತಿದ್ದರು. ನನ್ನ ಕೈಬರಹವಿದ್ದ ಪುಟವನ್ನು ತೆರೆದು, ದನಿ ತಗ್ಗಿಸಿ ಹೇಳಿದರು.

"ಅಮ್ಮಾ, ಯೋಚನೆ ಮಾಡಿ ಹೇಳಿ. ಇದು ನಿಮ್ಮದು ಅಂದ್ರೆ ಆ ದಿನದ ಲೆಕ್ಕ ಸುಳ್ಳು. ಲೆಕ್ಕ ಸುಳ್ಳಾದ್ರೆ ಕೊಟ್ಟ ಬಿಲ್ಲೆಯೆಲ್ಲಾ ವಾಪಸ್ಸು. ನನ್ನ ಕೈಯಲ್ಲಿ ಏನೂ ಇಲ್ಲ. ನಿಮ್ಮದಲ್ಲ ಅಂದ್ರೆ ಇದೊಂದನ್ನು ಸಾಗಿಸ್ತೀವಿ."

ಹಸು ಕೊರಳು ಚಾಚಿತ್ತು. ಗಂಟೆಯ ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಕೂದಲು ಹೋಗಿ, ಬೆರಳಗಲದ ಪಟ್ಟೆಯಾಗಿತ್ತು. ಮೇಲ್ವಿಚಾರಕರು ಆ ಪಟ್ಟೆಯನ್ನು ನೋಡಿದರು. ಆಮೇಲೆ ಅವ್ವನನ್ನು ನೋಡಿದರು. ಅವರಿಗೆ ಎಲ್ಲವೂ ಗೊತ್ತಾಯಿತೆಂದು ನನಗೆ ಗೊತ್ತಾಯಿತು.

"ನಮ್ದಲ್ಲ" ಎಂದಳು ಅವ್ವ.

ಅವರು ಇನ್ನೊಂದು ಸಲ ಕೇಳಲಿಲ್ಲ. "ವಾರಸುದಾರರಿಲ್ಲ" ಎಂದು ಬರೆದುಕೊಂಡರು. ಅವ್ವ ತಿರುಗಿ ಮನೆಯ ಕಡೆ ನಡೆದಳು. ಹಸು ಕೂಗುತ್ತಲೇ ಇತ್ತು. ಅವಳು ನಿಲ್ಲಲಿಲ್ಲ, ನಡಿಗೆಯನ್ನು ಬಿರುಸು ಮಾಡಲೂ ಇಲ್ಲ. ಸಂಜೆಗೆ ಲಾರಿಯೊಂದು ಅದನ್ನು ಗೂಡಲೂರಿನ ಕಡೆಗೆ ಒಯ್ದಿತು.

ಆ ಮೇಲೆ ಹಲವು ವಾರ ನಮ್ಮ ದನಗಳು ಸಂಜೆ ಕಾಡಿನಂಚಿಗೆ ಬಂದು ನಿಂತುಬಿಡುತ್ತಿದ್ದವು. ಚಿಕ್ಕಪ್ಪ ಗಂಟೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತ ಮುಂದೆ ನಡೆದರೆ ಮಾತ್ರ ಹಿಂದೆ ಬರುತ್ತಿದ್ದವು. ಅವ್ವ ಬಾಗಿಲಲ್ಲಿ ನಿಂತು ಕರೆಯುವುದನ್ನು ಬಿಟ್ಟಳು. ಆ ಕೆಲಸ ನನಗೆ ಬಂತು. ನಾನು ಕರೆಯಲಿಲ್ಲ. ಮನಸ್ಸಿನಲ್ಲಿಯೇ ಎಣಿಸಿದೆ. ಆ ಸಂಖ್ಯೆ ಪ್ರತಿದಿನವೂ ಫೈಲಿನಲ್ಲಿದ್ದ ಸಂಖ್ಯೆಗೆ ಸರಿಯಾಗಿ ಹೊಂದುತ್ತಿತ್ತು.

ಬೇಲಿಯೊಳಗಿನ ಸಸಿಗಳಲ್ಲಿ ಕೆಲವು ಒಣಗಿದವು, ಕೆಲವು ಬೆಳೆದವು. ಅವು ಎಷ್ಟು ಹೊಗೆ ಕುಡಿದವೆಂದು ನಮಗೆ ಯಾರೂ ತಿಳಿಸಲಿಲ್ಲ. ಆ ಹೆಂಗಸು ಮತ್ತೆ ಬರಲಿಲ್ಲ. ಅವರು ಒಳ್ಳೆಯವರೇ ಇರಬಹುದು ಎಂದು ಈಚೆಗೆ ಅನ್ನಿಸುತ್ತದೆ, ಆದರೆ ಹಾಗೆ ಅನ್ನಿಸಿದಾಗಲೆಲ್ಲ ನನಗೆ ನನ್ನ ಮೇಲೆಯೇ ಸಂಶಯ ಬರುತ್ತದೆ.

ದನಗಳ ಲೆಕ್ಕಕ್ಕೆ ನಾನು ಸಹಿ ಮಾಡಿದ ಎರಡು ಕಾಗದಗಳೂ ತಪ್ಪಾಗಿದ್ದವು. ಬರೆಯುವಾಗ ಅವುಗಳನ್ನು ಓದಿ ತಿದ್ದುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಇದು ಮೂರನೆಯದು. ಇದರಲ್ಲಿ ಅಕ್ಷರದ ತಪ್ಪಿರಲಿ, ವಾಕ್ಯದ ತಪ್ಪಿರಲಿ, ನಡೆದದ್ದನ್ನು ಹೇಳಿದ ರೀತಿಯಲ್ಲಿಯೇ ತಪ್ಪಿರಲಿ, ಕಂಡಲ್ಲಿ ತಾವು ಪೆನ್ನು ತೆಗೆದುಕೊಂಡು ನೇರವಾಗಿ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.